ಮುಂಗೈ ಚಂದ್ರ

ಊರ ಯಜಮಾನರ ದೊಡ್ಡಮನೆ, ವಾಡೆಯ ಜೀಪು ಊರಾಚೆಯ ಕೇರಿಗೆ, ವಸ್ತಿಗೆ ಬರುವುದು ಎರಡೇ ಕಾರಣಕ್ಕೆ. ಓಟು ಬೇಕಾದಾಗ, ಇಲ್ಲವೇ ಯಾರ ಮೇಲಾದರೂ ಸಿಟ್ಟು ಬಂದಾಗ. ಆವತ್ತು ಚುನಾವಣೆ ಹತ್ತಿರದಲ್ಲಿರಲಿಲ್ಲ. ಹಾಗಾಗಿ ಜೀಪಿನ ಸದ್ದು ಕೇಳಿದ ಕೂಡಲೇ ಬಾಗಿಲಲ್ಲಿ ಕೂತಿದ್ದ ಹೆಂಗಸರು ಒಬ್ಬೊಬ್ಬರಾಗಿ ಒಳಗೆ ಸರಿದರು.

ಇದು ಗಡಿಯಾಚೆಯ ಜತ್ತ ತಾಲೂಕಿನ ಒಂದು ಊರು. ಸನಮಡಿಗೂ ಸೊರಡಿಗೂ ನಡುವೆ ಎಲ್ಲೋ ಇದೆ ಎಂದಿಟ್ಟುಕೊಳ್ಳಿ. ಹೆಸರು ಹೇಳುವುದಿಲ್ಲ. ಹೇಳಿದರೆ ನನಗೇನೂ ಆಗುವುದಿಲ್ಲ, ಅಲ್ಲಿ ಇನ್ನೂ ಇರುವವರಿಗೆ ಆಗುತ್ತದೆ.

ಜೀಪು ಪಂಡಿತನ ಮನೆಯ ಮುಂದೆ ನಿಂತಿತು. ಪಂಡಿತ ಎಂಬುದು ಹೆಸರಷ್ಟೇ, ಅವನು ವಾಡೆಯ ಟ್ರ್ಯಾಕ್ಟರ್ ಹೊಡೆಯುವವನು. ಅವನ ಮಗಳು ಕರಿಷ್ಮಾ ಆಗಷ್ಟೇ ಬೇದಾಣೆ ಶೆಡ್ಡಿನಿಂದ ಬಂದು ಕೈ ತೊಳೆಯುತ್ತಿದ್ದಳು. ದ್ರಾಕ್ಷಿ ಒಣಗಿಸಿ ಬೇದಾಣೆ ಮಾಡುವ ಆ ಶೆಡ್ಡೂ ವಾಡೆಯದೇ. ಅವಳು ಕೈ ತೊಳೆಯುತ್ತಿದ್ದ ನೀರೂ ವಾಡೆಯ ಬೋರಿನದೇ.

ಜೀಪಿನಿಂದ ಇಳಿದವನು ಮಲ್ಲಿನಾಥ, ವಾಡೆಯ ಯಜಮಾನ ಗುರುಲಿಂಗಪ್ಪನ ಮಗ. ಜತ್ತದಲ್ಲಿ ಸ್ಟುಡಿಯೋ ಇಟ್ಟಿದ್ದ. ಮದುವೆಗಳಲ್ಲಿ ಡ್ರೋನ್ ಹಾರಿಸುತ್ತಿದ್ದ. ಅಪ್ಪ ಬೈದು ಮಾಡಿಸುವ ಕೆಲಸವನ್ನು ಮಗ ನಕ್ಕು ಮಾಡಿಸುತ್ತಿದ್ದ, ಬೆಣ್ಣೆಯಿಂದ ಕೂದಲು ತೆಗೆದಂತೆ.

"ಕರಿಷ್ಮಾ ಅಂದ್ರ ನೀನ ಏನು?"

"ಹೌದ್ರಿ ದಾದಾ."

ಅವನು ತನ್ನ ಫೋನು ಅವಳ ಮುಂದೆ ಹಿಡಿದ. ಅದರಲ್ಲಿ ಅವಳೇ ಬಿಡಿಸಿದ, ಕದಲುವ ಚಿತ್ರ. ಒಬ್ಬ ಮುದುಕಿಯ ತೋಳು, ತೋಳಿನ ಮೇಲೆ ಹಚ್ಚೆಯ ಹಸಿರು ಚೇಳು. ಚೇಳು ಮೊಣಕೈಯಿಂದ ಹೊರಟು ಭುಜದ ಕಡೆಗೆ ನಡೆಯುತ್ತಿತ್ತು.

"ಭಾಳ ಚಲೋ ಮಾಡೀದಿ. ಪುಣೇದಾಗ ಮಂದಿ ಇದರ ಸುದ್ದಿ ಮಾತಾಡಾಕತ್ತಾರ." ಅವನು ಚಿತ್ರದ ಮೂಲೆಯನ್ನು ಬೆರಳಿನಿಂದ ಹಿಗ್ಗಿಸಿದ. ಅಲ್ಲಿ ಅವಳು ಸಹಿಯ ಬದಲು ಹಾಕುತ್ತಿದ್ದ ಗುರುತಿತ್ತು. ಮಲಗಿದ ಅರ್ಧಚಂದ್ರ, ಅದರ ಕೆಳಗೆ ಮೂರು ಚುಕ್ಕಿ. "ಈ ಗುರ್ತು ಎಲ್ಲಿಂದ ತಂದಿ?"

"ನಮ್ಮ ಆಯೀ ಮುಂಗೈ ಮ್ಯಾಲ ಅದರಿ."

ಮಲ್ಲಿನಾಥ ಬಗ್ಗಿ ಒಳಗೆ ಇಣುಕಿದ. ಮೂಲೆಯಲ್ಲಿ ಕರಿಷ್ಮಾಳ ಅಜ್ಜಿ ಅಕ್ಕಾತಾಯಿ ಜೋಳ ಹಸನು ಮಾಡುತ್ತ ಕೂತಿದ್ದಳು. ಅವನ ಮುಖ ಕಂಡದ್ದೇ ಸೆರಗು ಎಳೆದು ಮುಂಗೈ ಮುಚ್ಚಿಕೊಂಡಳು. ಅದನ್ನು ಅವನೂ ನೋಡಿದ, ಕರಿಷ್ಮಾಳೂ ನೋಡಿದಳು.

"ಎಲ್ಲಾ ಚಿತ್ರದಾಗೂ ಇದನ್ನ ಹಾಕೀದಿ?"

"ಎಲ್ಲಾದ್ರಾಗೂ ಹಾಕೀನ್ರಿ."

ಅವನು ನಕ್ಕ. "ಚಲೋ ಆತು. ನಾಳಿ ಮುಂಜಾನೆ ಸ್ಟುಡಿಯೋಕ್ಕ ಬಾ. ಶೆಡ್ಡಿಗಿ ಹೋಗಬ್ಯಾಡ, ನಾ ಹೇಳತೀನಿ."

ಜೀಪು ತಿರುಗಿ ಹೋಯಿತು. ಏನು ಚಲೋ ಆಯಿತೆಂದು ಅವಳಿಗೆ ತಿಳಿಯಲಿಲ್ಲ.

ಈ ಹುಡುಗಿ ಮಾಡುತ್ತಿದ್ದ ಕೆಲಸ ಯಾವುದೆಂದು ಹೇಳಬೇಕು. ಹಗಲಿಡೀ ಶೆಡ್ಡಿನ ನೆಲದಲ್ಲಿ ಕೂತು ಬೇದಾಣೆ ಆರಿಸುವುದು. ಕಪ್ಪಾದದ್ದು ಬೇರೆ, ಹಸಿರು ಬೇರೆ, ಕಡ್ಡಿ ಬೇರೆ. ಸೊಂಟ ಸೆಟೆಯುತ್ತದೆ. ಬಣ್ಣ ಬರಲೆಂದು ಹಾಕುವ ಗಂಧಕದ ಹೊಗೆ ಗಂಟಲಲ್ಲಿ ಕೂರುತ್ತದೆ. ಹಣ್ಣಿನ ಅಂಟು ಬೆರಳ ತುದಿಯ ಚರ್ಮ ತಿನ್ನುತ್ತದೆ. ಕರಿಷ್ಮಾಳ ಬೆರಳ ಗೆರೆಗಳು ಸವೆದು ಹೋಗಿದ್ದವು. ರೇಷನ್ ಅಂಗಡಿಯ ಯಂತ್ರ ಅವಳನ್ನು ಅವಳೆಂದು ಒಪ್ಪುತ್ತಿರಲಿಲ್ಲ. ಫೋನಿನ ಪರದೆಯೂ ಒಮ್ಮೊಮ್ಮೆ ಹಟ ಮಾಡುತ್ತಿತ್ತು. ಆಗ ಬೆರಳು ನೆಕ್ಕಿ ಒದ್ದೆ ಮಾಡಿಕೊಂಡು ಗೆರೆ ಎಳೆಯುತ್ತಿದ್ದಳು. ಊಟಕ್ಕೆ ಬಿಟ್ಟಾಗ ಶೆಡ್ಡಿನ ಗೋಡೆಗೆ ಒರಗಿ ಅವಳು ಹೀಗೆ ಚಿತ್ರ ತೆಗೆಯುತ್ತಿದ್ದರೆ ಪಕ್ಕದ ಮನೆಯ ಮುದುಕಿ ಗೌರವ್ವ, "ಫೋನಿಗಿ ಉಪ್ಪಿನಕಾಯಿ ಹಚ್ಚೀದೇನಲೇ, ನೆಕ್ಕಾಕತ್ತೀದಿ" ಎಂದು ಗೇಲಿ ಮಾಡುತ್ತಿದ್ದಳು. ಗೌರವ್ವನ ನಾಲಗೆಗೆ ಶೆಡ್ಡಿನ ಮೇಲ್ವಿಚಾರಕ ಮುಕಾದಮನೂ ಹೆದರುತ್ತಿದ್ದ.

ಕರಿಷ್ಮಾ ಜತ್ತದಲ್ಲಿ ಬಿ.ಎ. ಓದಿದ್ದಳು. ನೌಕರಿ ಕೇಳಿಕೊಂಡು ಹೋದಲ್ಲೆಲ್ಲ ಮೊದಲು ಕೇಳುತ್ತಿದ್ದದ್ದು ಅಡ್ಡಹೆಸರು, ಜಾತಿ ಹೇಳುವ ಮನೆತನದ ಹೆಸರು. ಅಡ್ಡಹೆಸರು ಹೇಳಿದ ಮೇಲೆ ಎದುರಿನವರ ಕಣ್ಣು ಎಲ್ಲಿ ಹೋಗುತ್ತದೆ, ಎಷ್ಟು ಹೊತ್ತಿಗೆ ವಾಪಸು ಬರುತ್ತದೆ ಎಲ್ಲವೂ ಅವಳಿಗೆ ಪಾಠವಾಗಿತ್ತು. ಒಂದು ಆಫೀಸಿನಲ್ಲಿ ಅವಳು ಎದ್ದು ಬಂದ ಮೇಲೆ ಕುರ್ಚಿ ಒರೆಸಿದ್ದನ್ನು ಕಿಟಕಿಯಿಂದ ನೋಡಿದ್ದಳು. ನಂತರ ಅವಳು ಕೇಳುವುದನ್ನೇ ಬಿಟ್ಟು ಶೆಡ್ಡಿಗೆ ಹೋದಳು.

ಬ್ಲಾಕ್‌ಚೈನಿನ ವಿಷಯ ಅವಳಿಗೆ ಸಿಕ್ಕಿದ್ದು ಹಿಂದಿ ವಿಡಿಯೋಗಳಲ್ಲಿ. ಕಂಪ್ಯೂಟರಿನಲ್ಲಿ ತೆಗೆದ ಚಿತ್ರವನ್ನು ಯಾರು ಬೇಕಾದರೂ ನಕಲು ಮಾಡಬಹುದು. ಆದರೆ ಅದರ ಹಕ್ಕು ಯಾರದು, ಯಾರಿಂದ ಯಾರಿಗೆ ಹೋಯಿತು ಎಂಬುದನ್ನು ಲೋಕದ ಸಾವಿರಾರು ಕಂಪ್ಯೂಟರುಗಳು ಒಟ್ಟಿಗೆ ನೆನಪಿಟ್ಟುಕೊಳ್ಳುತ್ತವೆ. ಒಮ್ಮೆ ಬರೆದದ್ದನ್ನು ಜಮೀನಿನ ಲೆಕ್ಕ ಬರೆಯುವ ತಲಾಠಿಯಾಗಲಿ ಪಾಟೀಲನಾಗಲಿ ತಿದ್ದಲಾರ. ಅಷ್ಟೇ ಅಲ್ಲ, ಅಲ್ಲಿ ಹೆಸರೇ ಬೇಕಿಲ್ಲ. ಅಕ್ಷರ ಅಂಕಿ ಬೆರೆತ ಉದ್ದನೆಯ ಒಂದು ವಿಳಾಸ ಸಾಕು. ಅಡ್ಡಹೆಸರು ಕೇಳದ ಜಾಗ ಈ ಭೂಮಿಯ ಮೇಲೆ ಇದೆಯೆಂದು ನಂಬಲು ಅವಳಿಗೆ ಬಹಳ ದಿನ ಹಿಡಿಯಿತು. ನಂಬಿದ ಮೇಲೆ ಅದರಲ್ಲೇ ಬದುಕು ಕಟ್ಟಿಕೊಳ್ಳುತ್ತೇನೆ ಎಂದು ಕಚ್ಚೆ ಕಟ್ಟಿದಳು.

ಚಿತ್ರಕ್ಕೆ ಅವಳು ಎಲ್ಲಿಗೂ ಹೋಗಬೇಕಾಗಿರಲಿಲ್ಲ. ತಾಯಿ ಸತ್ತ ಮೇಲೆ ಅವಳು ಮಲಗಿ ಬೆಳೆದದ್ದು ಅಕ್ಕಾತಾಯಿಯ ತೋಳಿನ ಮೇಲೆ. ಆ ತೋಳಿನಲ್ಲಿ ಚೇಳಿತ್ತು, ತೊಟ್ಟಿಲಿತ್ತು, ಬಾಸಿಂಗವಿತ್ತು, ಕಾಲಿನ ಮೀನಖಂಡದ ಮೇಲೆ ಜೋಳದ ತೆನೆಯಿತ್ತು. ಚಿತ್ರದಲ್ಲಿ ಚೇಳನ್ನು ನಡೆಸಿದಳು, ತೊಟ್ಟಿಲು ತೂಗಿದಳು, ತೆನೆಗೆ ಹಕ್ಕಿ ಕೂರಿಸಿದಳು. ಅಕ್ಕಾತಾಯಿ ಪ್ರತಿಯೊಂದು ಹಚ್ಚೆಗೂ ಒಂದು ಕಥೆ ಹೇಳುತ್ತಿದ್ದಳು. ಮುಂಗೈಯದಕ್ಕೆ ಮಾತ್ರ ಕಥೆ ಇರಲಿಲ್ಲ. "ಅದಾ? ಚಂದ್ರ ಅದು, ಚಂದ್ರ" ಎಂದು ಕೈ ಎಳೆದುಕೊಳ್ಳುತ್ತಿದ್ದಳು. ಕರಿಷ್ಮಾಳಿಗೆ ಎಲ್ಲಕ್ಕಿಂತ ಅದೇ ಚೆಂದ ಕಂಡಿತು. ಹೆಸರು ಬೇಡದ ಜಾಗದಲ್ಲಿ ಅದನ್ನೇ ತನ್ನ ಹೆಸರು ಮಾಡಿಕೊಂಡಳು.

ಚಿತ್ರಗಳು ಒಂದೊಂದಾಗಿ ಮಾರಾಟವಾಗತೊಡಗಿದವು. ಅಕ್ಕಾತಾಯಿಯ ಕಣ್ಣಿಗೆ ಕನ್ನಡಕ ಬಂತು. ಪುಣೆಯ ಗ್ಯಾಲರಿಯೊಂದು, ನಿಮ್ಮ ಚಿತ್ರಗಳ ದೊಡ್ಡ ಪ್ರದರ್ಶನ ಇಡುತ್ತೇವೆ, ಕಲಾವಿದೆಯಾಗಿ ನೀವೇ ಬಂದು ಮಾತಾಡಬೇಕು ಎಂದು ಬರೆಯಿತು. ಅದನ್ನು ಓದಿದ ದಿನ ಅವಳು ಶೆಡ್ಡಿನಲ್ಲಿ ಒಬ್ಬಳೇ ನಗುತ್ತಿದ್ದಳು.

ಮಲ್ಲಿನಾಥ ಬಂದು ಹೋದ ಮರುದಿನ ವಡಾಪ್ ಎಂಬ ಬಾಡಿಗೆ ಜೀಪಿನಲ್ಲಿ ಒತ್ತಿಕೊಂಡು ಜತ್ತಕ್ಕೆ ಹೋದಳು. ದಾರಿಯಲ್ಲಿ ಫೋನು ತೆಗೆದು ನೋಡಿದರೆ ಚಿತ್ರಗಳನ್ನು ಮಾರಾಟಕ್ಕಿಟ್ಟಿದ್ದ ಅವಳ ಪುಟ ತೆರೆಯಲಿಲ್ಲ. ಮಾಲೀಕತ್ವದ ತಕರಾರು ಬಂದಿರುವುದರಿಂದ ಮುಚ್ಚಲಾಗಿದೆ ಎಂದು ಅದರ ಮೇಲೆ ಬರೆದಿತ್ತು.

ಸ್ಟುಡಿಯೋದ ಒಳಕೋಣೆಯಲ್ಲಿ ದೊಡ್ಡ ಕಂಪ್ಯೂಟರ್, ಅದರ ಮುಂದೆ ಗಾಲಿ ಇದ್ದ ಕುರ್ಚಿ. ಮಲ್ಲಿನಾಥ ಅವಳನ್ನು ಆ ಕುರ್ಚಿಯಲ್ಲೇ ಕೂರಿಸಿದ. ಆಮೇಲೆ ಕೆಂಪು ಬಟ್ಟೆಯಲ್ಲಿ ಸುತ್ತಿದ್ದ ಏನನ್ನೋ ಮೇಜಿನ ಮೇಲೆ ಬಿಚ್ಚಿದ. ಉದ್ದ ಹಿಡಿಕೆಯ ಕಬ್ಬಿಣದ ಮುದ್ರೆ. ಅದರ ಮುಖದಲ್ಲಿ ಅರ್ಧಚಂದ್ರ, ಮೂರು ಚುಕ್ಕಿ.

"ನಮ್ಮ ಮುತ್ಯಾನ ಕಾಲದ್ದು. ಎತ್ತಿಗೋಳಿಗಿ ಇದನ್ನ ಕಾಸಿ ಹಾಕತಿದ್ರು. ವಾಡೇದ ಬಾಗಲಾ ನೋಡಿಲ್ಲೇನು? ಚೌಕಟ್ಟಿನ ಮ್ಯಾಲೂ ಇದ ಅದ."

ಅವಳು ನೋಡಿರಲಿಲ್ಲ. ವಸ್ತಿಯವರು ವಾಡೆಗೆ ಹೋಗುವುದು ಹಿಂದಿನ ದನದ ದಾರಿಯಿಂದ. ಅವಳು ಹುಟ್ಟುವ ಹೊತ್ತಿಗೆ ಎತ್ತು ಹೋಗಿ ಟ್ರ್ಯಾಕ್ಟರ್ ಬಂದಿತ್ತು. ಮುದ್ರೆ ಹಾಕಿದ ಎತ್ತನ್ನೂ ಅವಳು ಕಂಡಿರಲಿಲ್ಲ.

"ಇದರ ಫೋಟೋ ನಾ ಎಲ್ಲಾರಿಗೂ ಕಳಿಸೀನಿ. ಗ್ಯಾಲರಿಗೂ ಕಳಿಸೀನಿ. ಈ ಕಬ್ಬಿಣ ನಿನಗಿಂತ ಹಳೇದು ಹೌದಲ್ಲ? ನಿನ್ನ ಒಂದೊಂದು ಚಿತ್ರದ ಮ್ಯಾಲೂ ನಮ್ಮ ಮನೀ ಮುದ್ರಿ ಅದ. ನಾವು ಹಾಕಿಲ್ಲ, ನೀನ ಹಾಕೀದಿ. ಚೈನ್‌ದಾಗ ಬರದದ್ದು ಯಾರಿಗೂ ಅಳಸಾಕ ಬರಂಗಿಲ್ಲ."

ಮಲ್ಲಿನಾಥ ನೀರಿನ ಬಾಟಲಿ ಮುಂದೆ ಸರಿಸಿದ.

"ಹೆದರಬ್ಯಾಡ. ನಾ ಕಸಗೋಳಾಕ ಕರದಿಲ್ಲ, ಕೊಡಾಕ ಕರದೀನಿ. ಈಗ ಕುಂತೀದಿ ನೋಡು, ಆ ಕುರ್ಚಿ ನಿಂದು. ಕಂಪ್ಯೂಟರ್ ನಿಂದು. ತಿಂಗಳಾ ಪಗಾರ. ಶೆಡ್ಡಿನ ಕಡಿ ಹೊಳ್ಳಿ ನೋಡಬ್ಯಾಡ. ಚಿತ್ರ ನೀ ತಗಿ, ಹೆಸರು ವಾಡೇದಿರಲಿ. ಪುಣೇಕ್ಕೂ ಕರಕೊಂಡು ಹೋಗತೀನಿ. ಒಂದ ಮಾತಿನ ಕೆಲಸ ಅದ. ನಿಮ್ಮ ಮುದುಕಿ ವಾಡೇದಾಗ ಕ್ಯಾಮೆರಾ ಮುಂದ ಕುಂತು, ಈ ಗುರ್ತು ನಮ್ಮ ಆಯಿ ಗುರವ್ವ ಮಾಯಾದ್ಲೆ, ಪ್ರೀತಿಲೆ ಹಾಕಿಸಿದ್ದು ಅಂತ ಹೇಳಬೇಕು. ವಾಡೇದ್ದು ಅಂತ ಹೇಳಬೇಕು. ಅಷ್ಟ."

"ಹೇಳಲಿಲ್ಲಂದ್ರ?"

"ಹೇಳಲಿಲ್ಲಂದ್ರ ಏನೂ ಇಲ್ಲ." ಅವನು ಮತ್ತೆ ನಕ್ಕ. "ನಿಮ್ಮಪ್ಪ ನಮ್ಮ ಟ್ರ್ಯಾಕ್ಟರ್ ಹೊಡೀತಾನ. ನೀ ನಮ್ಮ ಶೆಡ್ಡಿನಾಗ ಇದ್ದಿ. ಎಲ್ಲಾ ನಮ್ಮ ಮಂದೀನ ಅಲ್ಲ?"

ಮನೆಗೆ ಬಂದವಳು ಚಪ್ಪಲಿಯನ್ನೂ ಬಿಡಲಿಲ್ಲ. ಅಕ್ಕಾತಾಯಿಯ ಕೈ ಹಿಡಿದು ಬೆಳಕಿಗೆ ಎಳೆದಳು.

"ಆಯಿ, ಇದು ಚಂದ್ರ ಏನು?"

ಅಕ್ಕಾತಾಯಿ ಕೈ ಬಿಡಿಸಿಕೊಳ್ಳಲು ನೋಡಿದಳು. ಆಗಲಿಲ್ಲ. ನೆಲ ನೋಡುತ್ತ ಕೂತಳು.

"ಅಲ್ಲ, ಯವ್ವಾ."

"ಮತ್ತ?"

"ಆಗ ನಾ ಇನ್ನಾ ದೊಡ್ಡಾಕಿ ಆಗಿರಲಿಲ್ಲ. ವಾಡೇದಾಗ ವರ್ಷದ ಆಳಂತ ಬಿಟ್ಟಿದ್ರು ನನ್ನ. ಸೆಗಣಿ ಬಳಿಯೋದು, ಹಟ್ಟಿ ಕಸ ಹೊಡಿಯೋದು, ರಾತ್ರಿ ಅಲ್ಲೇ ದನದ ಹಂತ್ಯಾಕ ಮಲಗೋದು. ಎರಡ ಸರತಿ ಓಡಿ ಅವ್ವನ ಕಡಿ ಬಂದಿದ್ನಿ. ಎರಡೂ ಸರತಿ ಎಳಕೊಂಡು ಹ್ವಾದ್ರು. ಇಕಿ ಮತ್ತ ಎಲ್ಲೆರ ದೂರ ಓಡಿ ಹೋದ್ರ ಯಾರ ಆಳಂತ ಗುರ್ತು ಹತ್ತಬೇಕು ಅಂದ್ರು ಗುರವ್ವ ಅವ್ವಾರು. ಹೋರಿಗೋಳಿಗಿ ಮುದ್ರಿ ಹಾಕೂ ದಿವಸ ಅದು. ಹಚ್ಚಿ ಹಾಕೂ ಹೆಣಮಗಳನ್ನ ಹಟ್ಟಿಗೇ ಕರಸಿದ್ರು. ಅದ ಕಬ್ಬಿಣಕ್ಕ ಮಸಿ ಹಚ್ಚಿ ಮುಂಗೈ ಮ್ಯಾಲ ಅಚ್ಚ ಒತ್ತಿದ್ರು. ಆಮ್ಯಾಲ ಸೂಜಿ. ಇಬ್ಬರು ಕೈ ಹಿಡದಿದ್ರು. ಒಬ್ಬಾಂವ ಎದಿ ಮ್ಯಾಲ ಮಣಕಾಲ ಊರಿದ್ದ. ಆ ಕಡಿ ಹೋರಿ ಒದರಾಕತ್ತಿತ್ತು, ಈ ಕಡಿ ನಾ ಒದರಾಕತ್ತಿದ್ನಿ."

"ನನಗ ಯಾಕ ಹೇಳಲಿಲ್ಲ ಆಯಿ?"

"ಏನಂತ ಹೇಳ್ಲಿ? ನೀ ಸಣ್ಣಾಕಿ. ಬೆರಳಾಡಿಸಿ ಇದೇನ ಆಯಿ ಅಂದಿ. ಚಂದ್ರ ಅಂದ್ನಿ. ನಿನಗ ಹೇಳಿ ಹೇಳಿ ನನಗೂ ಹಾಂಗ ಅನಸಾಕತ್ತು."

ಕರಿಷ್ಮಾ ಹಿತ್ತಲಿಗೆ ಓಡಿ ಹೋಗಿ ವಾಂತಿ ಮಾಡಿದಳು. ಒಂದೊಂದು ಚಿತ್ರ ಮುಗಿದಾಗಲೂ ಆ ಗುರುತನ್ನು ಎಷ್ಟು ಪ್ರೀತಿಯಿಂದ ಇಟ್ಟಿದ್ದಳು. ಹಟ್ಟಿಯಲ್ಲಿ ಒಮ್ಮೆ ಒತ್ತಿದ ಕಬ್ಬಿಣವನ್ನು ಮೊಮ್ಮಗಳು ಮತ್ತೆ ಮತ್ತೆ ಒತ್ತಿದ್ದಳು, ಲೋಕದ ಎಲ್ಲ ಕಂಪ್ಯೂಟರುಗಳಲ್ಲಿ, ಯಾರೂ ಅಳಿಸಲಾಗದಂತೆ. ತನ್ನ ಕೈಯನ್ನೇ ಕಡಿದು ಹಾಕಬೇಕು ಎನ್ನುವಷ್ಟು ಸಿಟ್ಟು ಬಂತು ಅವಳಿಗೆ.

ಅಪ್ಪ ಪಂಡಿತ ಎಲ್ಲ ಕೇಳಿಸಿಕೊಂಡು ಹೊಸ್ತಿಲಲ್ಲಿ ಕುಕ್ಕುರುಗಾಲಲ್ಲಿ ಕೂತ. "ಹೇಳಿಬಿಡ್ಲಿ. ಎರಡ ಮಾತು. ಬಡವಾ ನೀ ಮಡಗಿದಂಗ ಇರು ಅಂತ ಹಿರ್ಯಾರ ಸುಮ್ಮ ಅಂದಿಲ್ಲ" ಎಂದ. ಹೇಳುವಾಗ ತಾಯಿಯ ಮುಖ ನೋಡಲಿಲ್ಲ.

ಅಕ್ಕಾತಾಯಿಯೇ ಮಾತು ಮುಗಿಸಿದಳು. "ಹೇಳತೀನಿ ಬಿಡ್ರಿ. ನಂದೇನು, ಇವತ್ತೋ ನಾಳೆಯೋ. ಈ ಹುಡುಗಿ ಕೈ ಆ ಶೆಡ್ಡಿನಾಗ ಕೊಳೀಬಾರದು. ಒಂದ ಸುಳ್ಳಿಗಿ ಇಕಿಗಿ ಕುರ್ಚಿ ಸಿಗತದಂದ್ರ ಹತ್ತ ಹೇಳತೀನಿ."

ಕರಿಷ್ಮಾ ಬೇಡ ಎನ್ನಲಿಲ್ಲ. ಮುಚ್ಚಿಟ್ಟು ಏನು ಮಾಡುವುದು, ಅವಳಿಗೆ ಆ ಕುರ್ಚಿ ಬೇಕಾಗಿತ್ತು. ಅದರಲ್ಲಿ ಕೂತಾಗ ಸೊಂಟ ನೋಯಲಿಲ್ಲ. ಆ ಕಂಪ್ಯೂಟರಿನಲ್ಲಿ ಒಂದು ಗೆರೆ ಎಳೆದರೆ ಹೇಗೆ ಬರಬಹುದು ಎಂದು ಅವಳ ಬೆರಳು ದಾರಿಯುದ್ದಕ್ಕೂ ತೊಡೆಯ ಮೇಲೆ ಆಡಿತ್ತು.

ಚಿತ್ರೀಕರಣದ ದಿನ ವಾಡೆಯಲ್ಲಿ ಅಜ್ಜಿ ಮೊಮ್ಮಗಳನ್ನು ಮುಂಬಾಗಿಲಿನಿಂದ ಕರೆದರು. ಕ್ಯಾಮೆರಾಕ್ಕೆ ಚೌಕಟ್ಟಿನ ಮುದ್ರೆ ಕಾಣಬೇಕಾಗಿತ್ತು. ಹೊಸ್ತಿಲು ದಾಟುವಾಗ ಅಕ್ಕಾತಾಯಿ ತಡೆದು ನಿಂತಳು. ಚಪ್ಪಲಿ ಕೈಯಲ್ಲಿ ಹಿಡಿದು, ತಲೆ ತಗ್ಗಿಸಿ, ಗೋಡೆಯ ಬದಿ ಹಿಡಿದು ಒಳಗೆ ಬಂದಳು. "ಹಾಂಗಲ್ಲ, ನಡುವ ಬಾ" ಎಂದು ಮಲ್ಲಿನಾಥ ಇನ್ನೊಮ್ಮೆ ನಡೆಸಿದ. ಅದೂ ಸರಿ ಬರಲಿಲ್ಲವೆಂದು ಮತ್ತೊಮ್ಮೆ ನಡೆಸಿದ.

ಅಂಗಳದ ನಡುವೆ ಒಂದು ಸ್ಟೂಲು, ಸ್ಟೂಲಿನ ಮೇಲೆ ಮಖಮಲ್ಲಿನ ಬಟ್ಟೆ, ಬಟ್ಟೆಯ ಮೇಲೆ ಕಬ್ಬಿಣದ ಮುದ್ರೆ. ಅಕ್ಕಾತಾಯಿಗೆ ಅದರ ಪಕ್ಕದಲ್ಲಿ ನೆಲದ ಮೇಲೆ ಗೋಣಿತಟ್ಟು. ಪಡಸಾಲೆಯ ಗೋಡೆಯಲ್ಲಿ ಮಲ್ಲಿನಾಥನ ಸತ್ತ ಅಜ್ಜಿ ಗುರವ್ವನ ಹಾರ ಹಾಕಿದ ಫೋಟೋ. ಅದರ ಕೆಳಗೆ ತೂಗುಮಂಚದಲ್ಲಿ ಗುರುಲಿಂಗಪ್ಪ. ಅವನು ತೂಗಿಕೊಳ್ಳುತ್ತಿದ್ದ. ಮಂಚದ ಸರಪಳಿ ಕಿರ್ ಎನ್ನುತ್ತಿತ್ತು.

"ಹೇಳು."

"ಈ ಗುರ್ತು ಗುರವ್ವ ಅವ್ವಾರು ಹಾಕಿಸ್ಯಾರ್ರಿ."

"ಮಾಯಾದ್ಲೆ ಅನ್ನು. ನಗತಾ ಹೇಳು."

"ಮಾಯಾದ್ಲೆ ಹಾಕಿಸ್ಯಾರ್ರಿ." ಅಕ್ಕಾತಾಯಿ ನಗಲು ನೋಡಿದಳು. ಕ್ಯಾಮೆರಾದ ಬೆಳಕಿಗೆ ಕಣ್ಣಲ್ಲಿ ನೀರು ಬಂತು. ಹೊಸ ಕನ್ನಡಕ ತೆಗೆಸಿದ್ದರು. ಅದನ್ನು ಹಾಕಿಕೊಂಡರೆ ಹಳೇ ಕಾಲದ ಮುದುಕಿಯ ಹಾಗೆ ಕಾಣುವುದಿಲ್ಲ ಎಂದಿದ್ದರು.

ತೂಗುಮಂಚ ನಿಂತಿತು. ಗುರುಲಿಂಗಪ್ಪ ಇಳಿದು ಬಂದ. "ಬರೇ ಬಾಯಿ ಮಾತಿಗಿ ಮಂದಿ ನಂಬಂಗಿಲ್ಲೋ ಮಲ್ಲೂ. ಮುದ್ರಿ ಹಚ್ಚಿ ತೋರಸಬೇಕು. ಏ ಅಕ್ಕೀ, ಕೈ ತಾ." ತನಗಿಂತ ಹಿರಿಯಳ ಮುಂಗೈಯನ್ನು ಅವನು ಕರುವಿನ ಕಾಲು ಹಿಡಿದ ಹಾಗೆ ಹಿಡಿದ. ಇನ್ನೊಂದು ಕೈಯಲ್ಲಿ ಮುದ್ರೆ ಎತ್ತಿಕೊಂಡ. ಹಚ್ಚೆಯ ಮೇಲೆ ಇಟ್ಟು ಒತ್ತಿದ.

ಚಂದ್ರದ ಮೇಲೆ ಚಂದ್ರ ಕೂತಿತು. ಚುಕ್ಕಿಯ ಮೇಲೆ ಚುಕ್ಕಿ ಕೂತಿತು.

ಕಬ್ಬಿಣ ತಣ್ಣಗಿತ್ತು. ಆದರೆ ಅಕ್ಕಾತಾಯಿಯ ಮೈಗೆ ಅದು ಗೊತ್ತಾಗಲಿಲ್ಲ. ಅವಳು ಕೂಗಲೂ ಇಲ್ಲ. ಕಣ್ಣು ಎಲ್ಲಿಯೋ ಹೋಯಿತು. ಗೋಣಿತಟ್ಟು ಒದ್ದೆಯಾಯಿತು. ಒದ್ದೆ ತಟ್ಟು ದಾಟಿ ಕಲ್ಲಿನ ಮೇಲೆ ಹರಿಯಿತು.

"ಥೂ. ಅಂಗಳಾ ಹೊಲಸ ಮಾಡಿದ್ಲು." ಗುರುಲಿಂಗಪ್ಪ ಹಿಂದೆ ಸರಿದ. "ಏ ಹುಡುಗಿ, ಏನ ನೋಡತಿ? ಒರಸು ಲಗೂನ."

ಆಳೊಬ್ಬ ಅರಿವೆ ತಂದು ಕರಿಷ್ಮಾಳ ಕಾಲ ಬಳಿ ಎಸೆದ.

"ಒರಸು ಕರಿಷ್ಮಾ," ಎಂದ ಮಲ್ಲಿನಾಥ ಮೆತ್ತಗೆ. "ಇನ್ನೊಮ್ಮಿ ತಗೊಳ್ಳೂಣು. ಮುದ್ರಿ ಕೈಗಿ ಹೊಂದಿದ್ದು ಭಾಳ ಚಲೋ ಬಂದದ."

ಕರಿಷ್ಮಾ ಅರಿವೆಯನ್ನು ನೋಡಿದಳು. ಬಗ್ಗಿದರೆ ಸಾಕಾಗಿತ್ತು. ಬಗ್ಗುವುದು ಅವಳಿಗೆ ಗೊತ್ತಿಲ್ಲದ್ದೇನೂ ಅಲ್ಲ, ದಿನವಿಡೀ ಅದೇ ಕೆಲಸ. ಆದರೆ ಬೆನ್ನು ಬಗ್ಗಲಿಲ್ಲ.

"ಒರಸಂಗಿಲ್ಲ."

"ಏನಂದಿ?"

"ಒರಸಂಗಿಲ್ಲ ಅಂದ್ನಿ. ಇದ ಮನ್ಯಾಗ ಅವತ್ತೂ ಆಕಿ ಹೆದರಿ ಉಚ್ಚಿ ಹೊಯ್ಕೊಂಡಿರಬೇಕು. ಅವತ್ತ ಆಕೀ ಕೈಲೆ ಒರಸಿಸಿರಬೇಕು ನೀವು. ಇವತ್ತ ನೀವ ಒರಸ್ರಿ."

ತಲೆ ತಗ್ಗಿಸಿ ನಿಂತಿದ್ದ ಆಳು ತಲೆ ಎತ್ತಿದ. ಮಲ್ಲಿನಾಥನ ನಗು ಮುಖದ ಮೇಲೆ ಹಾಗೇ ಉಳಿದು ಬಿಟ್ಟಿತ್ತು.

"ವಿಚಾರ ಮಾಡಿ ಮಾತಾಡು. ಕುರ್ಚಿ ಹೋಗತದ, ಪುಣೆ ಹೋಗತದ."

"ಹೋಗ್ಲಿ. ಮಾಯಾದ್ಲೆ ಹಾಕಿಸಿಲ್ಲ ನಿಮ್ಮ ಆಯಿ. ಎದಿ ಮ್ಯಾಲ ಮಣಕಾಲ ಊರಿ ಹಾಕಿಸ್ಯಾಳ. ಕಬ್ಬಿಣ ನಿಮ್ದು, ಇಟಗೋರಿ. ಕೈ ಆಕೀದು. ಚಿತ್ರ ನಂದು." ಅವಳು ಅಕ್ಕಾತಾಯಿಯ ಕಂಕುಳಿಗೆ ಕೈ ಕೊಟ್ಟು ಎಬ್ಬಿಸಿದಳು. "ಏಳು ಆಯಿ."

ಗುರುಲಿಂಗಪ್ಪ ಬೈಯಲಿಲ್ಲ. ಹೋಗಿ ತೂಗುಮಂಚದಲ್ಲಿ ಕೂತ. "ಬಿಡ್ರೋ, ಹೋಗ್ಲಿ," ಎಂದ. "ಎಲ್ಲಿ ಹೋಗತಾರ? ಊರಾಗ ಇರತಾರಲ್ಲ." ಸರಪಳಿ ಮತ್ತೆ ಕಿರ್ ಎನ್ನತೊಡಗಿತು.

ಒದ್ದೆ ಸೀರೆಯ ಮುದುಕಿಯನ್ನು ತೋಳಲ್ಲಿ ಹಿಡಿದುಕೊಂಡು ಕರಿಷ್ಮಾ ಮುಂಬಾಗಿಲಿನಿಂದಲೇ ಹೊರಗೆ ಬಂದಳು. ಊರ ಅಗಸಿ ಬಾಗಿಲ ಹತ್ತಿರ ಕೂತಿದ್ದ ಗಂಡಸರು ಬೀಡಿ ಬಾಯಿಗೆ ಒಯ್ಯುವುದನ್ನು ನಿಲ್ಲಿಸಿ ನೋಡಿದರು.

ಆ ಮಧ್ಯಾಹ್ನ ಅವಳು ಊಟ ಮಾಡದೆ ಕೂತು ಒಂದು ಚಿತ್ರ ತೆಗೆದಳು. ಹಟ್ಟಿಯ ನೆಲ. ಹುಡುಗಿಯ ಎದೆಯ ಮೇಲೆ ಒಂದು ಮೊಣಕಾಲು. ಕೈ ಹಿಡಿದ ಕೈಗಳು. ಹಿಂದೆ ಕಟ್ಟಿಹಾಕಿದ ಬಿಳಿ ಹೋರಿ, ಬಾಯಿ ತೆರೆದದ್ದು. ಇದರಲ್ಲಿ ಏನೂ ನಡೆಯುವುದಿಲ್ಲ, ತೂಗುವುದಿಲ್ಲ. ಸೂಜಿಯೊಂದು ಮಾತ್ರ ಏರುತ್ತದೆ, ಇಳಿಯುತ್ತದೆ. ಮೂಲೆಯಲ್ಲಿ ಅರ್ಧಚಂದ್ರ ಹಾಕಲಿಲ್ಲ. ಕನ್ನಡದಲ್ಲಿ ಅಜ್ಜಿಯ ಹೆಸರು, ಅಜ್ಜನ ಹೆಸರು ಸೇರಿಸಿ ಬರೆದಳು: ಅಕ್ಕಾತಾಯಿ ಸಿದರಾಯ. ಕೆಳಗೆ ತನ್ನ ಹೆಸರು, ಅಪ್ಪನ ಹೆಸರು. ಎರಡಕ್ಕೂ ಅಡ್ಡಹೆಸರು ಹಚ್ಚಿದಳು. ಮಾರಾಟದ ಪುಟ ಮುಚ್ಚಿದ್ದರೂ ಚೈನಿಗೆ ಹಾಕಲು ಯಾರ ಅಪ್ಪಣೆಯೂ ಬೇಕಿರಲಿಲ್ಲ. ಹಾಕಿದಳು. ಬೆಲೆ ಇಡಲಿಲ್ಲ.

ಗ್ಯಾಲರಿಯಿಂದ ಮರುದಿನವೇ ಸಂದೇಶ ಬಂತು. ವಿವಾದದ ಕಲಾವಿದರನ್ನು ನಾವು ತೆಗೆದುಕೊಳ್ಳುವುದಿಲ್ಲ, ಕ್ಷಮಿಸಿ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಅವಳು ಅತ್ತಳು. ಅಳಬಾರದು ಎಂದು ಯಾರು ಹೇಳಿದರು? ಅದು ಅವಳು ಬೆರಳು ನೆಕ್ಕಿ ನೆಕ್ಕಿ ಕಟ್ಟಿದ ಬದುಕು.

ಅದೇ ದಿನ ಪಂಡಿತನ ಕೈಯಿಂದ ಟ್ರ್ಯಾಕ್ಟರಿನ ಕೀಲಿ ಇಸಿದುಕೊಂಡರು. ಅವನು ಮನೆಗೆ ಬಂದು ಮಗಳನ್ನು ನೋಡಿದ, ಗೋಡೆಗೆ ಮುಖ ಮಾಡಿ ಮಲಗಿದ. ವಸ್ತಿಯ ನಲ್ಲಿಗೆ ಬೋರಿನ ನೀರು ಬರಲಿಲ್ಲ. ವಾಡೆಯ ಕಡೆಯ ಹುಡುಗರು ಮೋಟರ್‌ಸೈಕಲ್ಲಿನಲ್ಲಿ ವಸ್ತಿಯ ಸುತ್ತ ಸುಮ್ಮನೆ ಸುತ್ತತೊಡಗಿದರು. ಒಮ್ಮೆ ಮನೆಯ ಮುಂದೆ ನಿಂತು ಎಂಜಿನ್ ಜೋರು ಮಾಡಿ ಹೋದರು.

ಮತ್ತೆ ಬೆಳಗಾಯಿತು. ಶೆಡ್ಡಿಗೆ ಹೋದ ಹೆಂಗಸರು ಹೋದ ಕಾಲಲ್ಲೇ ವಾಪಸು ಬರುವುದು ಕರಿಷ್ಮಾಳಿಗೆ ಕಂಡಿತು. ಬುತ್ತಿಗಂಟು ಬಿಚ್ಚಿರಲಿಲ್ಲ. ವಸ್ತಿಯ ಒಬ್ಬರಿಗೂ ಇನ್ನು ಕೆಲಸವಿಲ್ಲ, ಯಳವಿ ಊರಿನಿಂದ ಆಳು ಕರೆಸುತ್ತೇವೆ ಎಂದು ಮುಕಾದಮ ಬಾಗಿಲಲ್ಲೇ ತಡೆದಿದ್ದ. ಹೆಂಗಸರು ತಮ್ಮ ತಮ್ಮ ಮನೆಗಳಿಗೆ ಹೋಗಲಿಲ್ಲ. ನೇರ ಪಂಡಿತನ ಮನೆಗೆ ಬಂದರು. ಎಲ್ಲರಿಗಿಂತ ಮುಂದೆ ಪಕ್ಕದ ಮನೆಯ ಗೌರವ್ವ.

ಕರಿಷ್ಮಾ ಎದ್ದು ನಿಂತಳು. ಏನು ಹೇಳಲು ಬಂದಿದ್ದಾರೆಂದು ಅವಳಿಗೆ ಗೊತ್ತಿತ್ತು. ಅವರ ಒಲೆ ಅವಳಿಂದ ಆರಿತ್ತು. ಬೈಯಲಿ, ಬೈಸಿಕೊಳ್ಳುತ್ತೇನೆ ಎಂದುಕೊಂಡಳು.

ಗೌರವ್ವ ಒಳಗೆ ಬಂದು ಅಕ್ಕಾತಾಯಿಯ ಪಕ್ಕದಲ್ಲಿ ಕೂತಳು. "ಊರ ತುಂಬ ನಿನ್ನ ಚಿತ್ರದ್ದ ಮಾತು. ತೋರಸು ನೋಡೂಣು."

ಕರಿಷ್ಮಾ ಫೋನು ಕೊಟ್ಟಳು. ಗೌರವ್ವ ಅದನ್ನು ಕಣ್ಣಿಗೆ ಹತ್ತಿರ ಹಿಡಿದಳು. ಸೂಜಿ ಏರಿತು, ಇಳಿಯಿತು. ಬಾಗಿಲಲ್ಲಿ ನಿಂತ ಹೆಂಗಸರು ಗೌರವ್ವನ ಬಾಯಿ ನೋಡುತ್ತ ನಿಂತರು.

"ಹೋರಿ ತಪ್ಪೇದ," ಎಂದಳು ಗೌರವ್ವ. "ಬೆಳ್ಳಂದಲ್ಲ ಅದು. ಕೆಂದ ಹೋರಿ."

"ನಿನಗ ಹ್ಯಾಂಗ ಗೊತ್ತು ಆಯಿ?"

"ಆಕೀದ ಆದಮ್ಯಾಲಿನ ಸರತಿ ನಂದಿತ್ತು."

ಅಕ್ಕಾತಾಯಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಗೌರವ್ವ ಎಡಗೈಯ ಹಿತ್ತಾಳೆ ಬಳೆಗಳನ್ನು ಮೊಣಕೈವರೆಗೆ ಸರಿಸಿದಳು. ಮುಂಗೈ ಮೇಲೆ ಹಚ್ಚೆ ಇರಲಿಲ್ಲ. ಹಚ್ಚೆ ಇರಬೇಕಾದ ಜಾಗದಲ್ಲಿ ಚರ್ಮವೇ ಇರಲಿಲ್ಲ ಎನ್ನಬೇಕು. ಸುಟ್ಟು, ಮುದುಡಿ, ಬೆಳ್ಳಗೆ ಹೊಳೆಯುವ ಕಲೆ.

"ಮದಿವಿ ಮುಂದ ಒಲಿಯಾಗಿನ ಕೊಳ್ಳಿ ಹಿಡದು ನಾನ ಸುಟಗೊಂಡ್ನಿ. ಗಂಡಗ ಎಣ್ಣಿ ಸಿಡದದ್ದು ಅಂದ್ನಿ. ಅಂವ ಸಾಯೂತನಾ ಹಾಂಗ ತಿಳಕೊಂಡ. ಮಕ್ಕಳೂ ಹಾಂಗ ತಿಳಕೊಂಡಾರ." ಅವಳು ಬಾಗಿಲಿನ ಕಡೆ ನೋಡಿದಳು. ಅಲ್ಲಿ ಅವಳ ಸೊಸೆ ಸುನಿತಾ ನಿಂತಿದ್ದಳು. ಸುನಿತಾ ಕಣ್ಣು ಕೆಳಗೆ ಮಾಡಲಿಲ್ಲ. "ಇದನ್ನೂ ತಗಿ. ಸುಟ್ಟದ್ದು ಸುಟ್ಟಂಗ ತಗಿ, ಚಂದ ಮಾಡಬ್ಯಾಡ."

"ಹೆಸರು?"

"ಪೂರಾ ಹಾಕು. ಗೌರವ್ವ ವಿಠೋಬ. ಅಡ್ಡಹೆಸರೂ ಹಾಕು."

ಅವಳು ಕೈಯನ್ನು ಕರಿಷ್ಮಾಳ ತೊಡೆಯ ಮೇಲೆ ಇಟ್ಟಳು. ಹೊರಗೆ ಮೋಟರ್‌ಸೈಕಲ್ಲುಗಳು ಬಂದು ನಿಂತವು. ಈ ಸಲ ಎಂಜಿನ್ ಆರಿಸಿದರು. ಯಾರೋ ಪಂಡಿತನ ಹೆಸರು ಹಿಡಿದು ಕೂಗಿದರು, ಇನ್ನೊಬ್ಬರು ಹಿತ್ತಲ ತಗಡಿನ ಬಾಗಿಲಿಗೆ ಒದ್ದರು. ಗೋಡೆಗೆ ಮುಖ ಮಾಡಿ ಮಲಗಿದ್ದ ಪಂಡಿತ ಎದ್ದು ಕೂತ. ಬಾಗಿಲಲ್ಲಿದ್ದ ಹೆಂಗಸರು ಒಬ್ಬರಿಗೊಬ್ಬರು ಒತ್ತಿ ನಿಂತರು.

ಗೌರವ್ವ ಕೈ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.